ಅಕ್ಕಿಯಿದ್ದೂ ರಕ್ತ ಸಾಲದ ಮನೆಗಳು
ಬುಡಕಟ್ಟು ಜನಾಂಗಗಳ ಹದಿಹರೆಯದ ಹೆಣ್ಣುಮಕ್ಕಳ ಆಹಾರ: ತೋಟಗಾರರು ತಿಳಿದಿರಬೇಕಾದ ಕೆಲವು ಸಂಗತಿಗಳು

ಕೊಳೆರೋಗ, ಕಾಯಿಕೊರಕ, ಗೊಬ್ಬರದ ಬೆಲೆ, ಅಡಿಕೆ ಧಾರಣೆ, ಇವುಗಳ ವಿಚಾರ ಈ ಪುಟಗಳಲ್ಲಿ ಬರುವುದು ವಾಡಿಕೆ. ಈ ಸಲ ತೋಟದ ಬೇಲಿಯಾಚೆಗಿನ ಒಂದು ವಿಷಯವನ್ನು ಸದಸ್ಯ ಬಾಂಧವರ ಮುಂದಿಡುತ್ತಿದ್ದೇವೆ. ನಮ್ಮ ತೋಟಗಳಲ್ಲಿ ಸೊಪ್ಪು ಹೊರುವವರು, ಬುಡ ಬಿಡಿಸುವವರು, ಅಡಿಕೆ ಹೆಕ್ಕುವವರು, ಕಾಫಿ ಕೊಯ್ಲಿಗೆಂದು ಘಟ್ಟ ಹತ್ತುವವರು, ಇವರಲ್ಲಿ ಬಹಳಷ್ಟು ಮಂದಿ ಕೊರಗ, ಮಲೆಕುಡಿಯ ಮುಂತಾದ ಬುಡಕಟ್ಟು ಜನಾಂಗಗಳ ಹೆಂಗಸರು. ಅವರ ಮನೆಯಲ್ಲಿ ಹತ್ತರಿಂದ ಹತ್ತೊಂಬತ್ತು ವರ್ಷದೊಳಗಿನ ಹೆಣ್ಣುಮಕ್ಕಳಿದ್ದಾರೆ. ಆ ಮಕ್ಕಳು ಏನು ಉಣ್ಣುತ್ತಾರೆ, ಉಂಡದ್ದು ಅವರ ಮೈಗೆ ಎಷ್ಟು ದಕ್ಕುತ್ತದೆ, ಇದರಲ್ಲಿ ನಮ್ಮ ಪಾಲು ಏನು ಎಂಬುದನ್ನು ವಿಚಾರಿಸುವುದು ಈ ಲೇಖನದ ಉದ್ದೇಶ.

ಇದು ದಾನಧರ್ಮದ ಮಾತು ಎಂದು ಯಾರೂ ತಿಳಿಯಬಾರದು. ಮರಾಟಿ ನಾಯ್ಕರಲ್ಲಿ ಹಲವರು ನಮ್ಮಂತೆಯೇ ಅಡಿಕೆ ಬೆಳೆಗಾರರು. ಮಲೆಕುಡಿಯರಲ್ಲಿಯೂ ಸ್ವಂತ ತುಂಡು ತೋಟ ಇರುವವರಿದ್ದಾರೆ. ಅವರಿಗೆ ಇದು ಮನೆಯ ಮಾತು, ಉಳಿದವರಿಗೆ ನೆರೆಮನೆಯ ಮಾತು. ಮುಂದೆ ಹೇಳುವ ಹಲವು ಸಂಗತಿಗಳು ನಮ್ಮೆಲ್ಲರ ಮನೆಯ ಹೆಣ್ಣುಮಕ್ಕಳಿಗೂ ಅನ್ವಯಿಸುತ್ತವೆ.

ಸರಾಸರಿಯಲ್ಲಿ ಕಾಣದವರು

ಉಡುಪಿ ಜಿಲ್ಲೆ ಹಿಂದುಳಿದ ಜಿಲ್ಲೆಯಲ್ಲ. 2011ರ ಜನಗಣತಿಯಂತೆ ಇಲ್ಲಿ ನೂರಕ್ಕೆ 86 ಮಂದಿ ಸಾಕ್ಷರರು; ಸಾವಿರ ಗಂಡಸರಿಗೆ 1094 ಹೆಂಗಸರು. ಮಣಿಪಾಲದಲ್ಲಿ ಕಸ್ತೂರ್ಬಾ ವೈದ್ಯಕೀಯ ಕಾಲೇಜು 1953ರಿಂದ ಇದೆ. ಅಜ್ಜರಕಾಡಿನಲ್ಲಿ ಜಿಲ್ಲಾಸ್ಪತ್ರೆ ಇದೆ. ರಸ್ತೆ, ಬಸ್ಸು, ಶಾಲೆ ಯಾವುದಕ್ಕೂ ಕೊರತೆಯಿಲ್ಲ. ಆದರೆ ಜಿಲ್ಲೆಯಲ್ಲಿ ಪರಿಶಿಷ್ಟ ಪಂಗಡದವರು ನೂರಕ್ಕೆ ನಾಲ್ಕೈದು ಮಂದಿ ಮಾತ್ರ. ಅದರೊಳಗೆ ಕೊರಗರು ಇನ್ನೂ ಕಡಿಮೆ. ಇಷ್ಟು ಸಣ್ಣ ಗುಂಪಿನ ಕಷ್ಟ ಜಿಲ್ಲೆಯ ಸರಾಸರಿಯಲ್ಲಿ ಕಾಣುವುದಿಲ್ಲ. ಹತ್ತು ಎಕರೆ ತೋಟದ ಸರಾಸರಿ ಇಳುವರಿ ಚೆನ್ನಾಗಿದ್ದರೆ ಮೂಲೆಯ ಹತ್ತು ಮರ ಸೊರಗಿದ್ದು ಲೆಕ್ಕದ ಪುಸ್ತಕದಲ್ಲಿ ತೋರುವುದುಂಟೇ?

ಕರ್ನಾಟಕದಲ್ಲಿ ವಿಶೇಷ ದುರ್ಬಲ ಬುಡಕಟ್ಟುಗಳೆಂದು ಕೇಂದ್ರ ಸರಕಾರ ಗುರುತಿಸಿರುವುದು ಎರಡನ್ನು: ಜೇನು ಕುರುಬ ಮತ್ತು ಕೊರಗ. ಕೊರಗರು ಉಡುಪಿ, ದಕ್ಷಿಣ ಕನ್ನಡ ಮತ್ತು ಕಾಸರಗೋಡಿನ ಜನ. ಕಾಡಿನ ಬೀಳಲು ತಂದು ಬುಟ್ಟಿ, ಕುಕ್ಕೆ ಹೆಣೆಯುವುದು ಅವರ ಕುಲಕಸುಬು. ರಾಜ್ಯದಲ್ಲಿ 2001ರ ಜನಗಣತಿಯಲ್ಲಿ ಸುಮಾರು 16 ಸಾವಿರ ಇದ್ದ ಅವರ ಸಂಖ್ಯೆ 2011ರಲ್ಲಿ 15 ಸಾವಿರಕ್ಕಿಂತ ಕೆಳಗಿಳಿಯಿತು. ಇಡೀ ದೇಶದ ಜನಸಂಖ್ಯೆ ಏರುತ್ತಿದ್ದ ಹತ್ತು ವರ್ಷಗಳಲ್ಲಿ ಒಂದು ಜನಾಂಗದ ಸಂಖ್ಯೆ ಇಳಿಯಿತೆಂದರೆ ಅದು ಲಘುವಾದ ಸಂಗತಿಯಲ್ಲ. ನಾಳಿನ ತಾಯಂದಿರ ಆರೋಗ್ಯಕ್ಕೂ ಒಂದು ಜನಾಂಗದ ಉಳಿವಿಗೂ ಸಂಬಂಧವಿದೆ ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಮಲೆಕುಡಿಯರು ಕಾರ್ಕಳ, ಹೆಬ್ರಿ ಕಡೆಯ ಘಟ್ಟದ ತಪ್ಪಲಿನವರು. ಮಾಳ, ಈದು ಮುಂತಾದ ಗ್ರಾಮಗಳ ಕಾಡಂಚಿನ ಮನೆಗಳು ಅವರವು. 1987ರಲ್ಲಿ ಕುದುರೆಮುಖ ರಾಷ್ಟ್ರೀಯ ಉದ್ಯಾನ ಘೋಷಣೆಯಾದ ಬಳಿಕ ಗೆಡ್ಡೆ, ಜೇನು, ಕಣಿಲೆಗಳಿಗಾಗಿ ಕಾಡನ್ನು ನೆಚ್ಚುವುದು ಅವರಿಗೆ ಮೊದಲಿನಷ್ಟು ಸುಲಭವಾಗಿ ಉಳಿಯಲಿಲ್ಲ. ಕಾಡಿನಿಂದ ಬರುತ್ತಿದ್ದ ಬಗೆಬಗೆಯ ಆಹಾರ ಕಡಿಮೆಯಾದ ಕಡೆ ಆ ಜಾಗವನ್ನು ತುಂಬಿದ್ದು ಪಡಿತರದ ಅಕ್ಕಿ.

ಈ ವಯಸ್ಸಿಗೆ ಏಕೆ ಇಷ್ಟು ಮಹತ್ವ

ಅಡಿಕೆ ಸಸಿ ನೆಟ್ಟ ಮೊದಲ ವರ್ಷಗಳಲ್ಲಿ ನೆರಳು, ನೀರು, ಗೊಬ್ಬರ ತಪ್ಪಿದರೆ ಮುಂದೆ ಎಷ್ಟು ಸುರಿದರೂ ಆ ಮರ ಚೇತರಿಸಿಕೊಳ್ಳುವುದು ಕಷ್ಟ ಎಂಬುದು ನಮಗೆಲ್ಲ ಗೊತ್ತು. ಮನುಷ್ಯರಲ್ಲಿ ಅಂಥ ಕಾಲ ಎರಡು ಸಲ ಬರುತ್ತದೆ. ಮೊದಲನೆಯದು ಹುಟ್ಟಿದ ಮೊದಲ ಎರಡು ವರ್ಷ, ಎರಡನೆಯದು ಹದಿಹರೆಯ. ಪ್ರೌಢ ವಯಸ್ಸಿನ ತೂಕದ ಹೆಚ್ಚುಕಡಿಮೆ ಅರ್ಧದಷ್ಟು, ಎತ್ತರದ ಸುಮಾರು ಆರನೆಯ ಒಂದು ಪಾಲು ಈ ಕೆಲವೇ ವರ್ಷಗಳಲ್ಲಿ ಕೂಡಿಬರುತ್ತದೆ. ಎಲುಬು ಗಟ್ಟಿಯಾಗುವುದೂ ಆಗಲೇ. ಹುಡುಗಿಯರಿಗೆ ಇದರ ಜತೆಗೆ ತಿಂಗಳ ಮುಟ್ಟು ಆರಂಭವಾಗಿ, ಪ್ರತಿ ತಿಂಗಳು ಸ್ವಲ್ಪ ರಕ್ತ, ಅದರೊಂದಿಗೆ ಕಬ್ಬಿಣಾಂಶ ಹೊರಗೆ ಹೋಗುತ್ತದೆ. ಬೆಳೆಯುವ ಮೈಗೆ ಹೊಸ ರಕ್ತ ಬೇಕು; ಇದ್ದ ರಕ್ತ ಕಳೆದುಹೋಗುತ್ತಿದೆ. ಎರಡೂ ಒಟ್ಟಿಗೆ ನಡೆಯುವ ಕಾಲ ಇದು.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆ 2020ರಲ್ಲಿ ಪ್ರಕಟಿಸಿದ ಪ್ರಮಾಣಗಳಂತೆ 13ರಿಂದ 15 ವರ್ಷದ ಹುಡುಗಿಗೆ ದಿನಕ್ಕೆ 30 ಮಿಲಿಗ್ರಾಂ ಕಬ್ಬಿಣಾಂಶ, 43 ಗ್ರಾಂ ಸಸಾರಜನಕ ಅಂದರೆ ಪ್ರೋಟೀನು, 1000 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕು. 16ರಿಂದ 18ರ ಹುಡುಗಿಗೆ ಕಬ್ಬಿಣಾಂಶ 32 ಮಿಲಿಗ್ರಾಂ. ಬೆಳೆದ ಗಂಡಸಿಗೆ ಬೇಕಾಗುವುದು 19 ಮಿಲಿಗ್ರಾಂ ಮಾತ್ರ. ಎಂದರೆ ಮರ ಹತ್ತಿ ಕೊನೆ ಇಳಿಸುವ ತಂದೆಗಿಂತ, ಮನೆಯಲ್ಲಿರುವ ಹದಿನಾಲ್ಕರ ಮಗಳಿಗೆ ಕಬ್ಬಿಣಾಂಶ ಹೆಚ್ಚು ಬೇಕು. ಆದರೆ ಮೀನಿನ ದೊಡ್ಡ ತುಂಡು ಯಾರ ಬಟ್ಟಲಿಗೆ ಬೀಳುತ್ತದೆ ಎಂಬುದನ್ನು ನಾವೆಲ್ಲ ಬಲ್ಲೆವು. ಇದು ಒಂದು ಜನಾಂಗದ ಮನೆಯ ಕಥೆಯಲ್ಲ.

ರಕ್ತಹೀನತೆ ಎಂದರೇನು

ರಕ್ತದ ಕೆಂಪು ಬಣ್ಣಕ್ಕೆ ಕಾರಣ ಹಿಮೋಗ್ಲೋಬಿನ್. ಶ್ವಾಸದಿಂದ ಬಂದ ಆಮ್ಲಜನಕವನ್ನು ಮೈಯ ಎಲ್ಲ ಭಾಗಗಳಿಗೆ ಹೊತ್ತು ಮುಟ್ಟಿಸುವುದು ಅದರ ಕೆಲಸ. ಕಬ್ಬಿಣಾಂಶವಿಲ್ಲದೆ ಅದು ತಯಾರಾಗದು. ಹನ್ನೆರಡು ವರ್ಷ ದಾಟಿದ ಹುಡುಗಿಯ 100 ಮಿಲಿಲೀಟರ್ ರಕ್ತದಲ್ಲಿ ಕನಿಷ್ಠ 12 ಗ್ರಾಂ ಹಿಮೋಗ್ಲೋಬಿನ್ ಇರಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. 11ಕ್ಕಿಂತ ಕಡಿಮೆಯಾದರೆ ಮಧ್ಯಮ ರಕ್ತಹೀನತೆ. 8ಕ್ಕಿಂತ ಇಳಿದರೆ ತೀವ್ರ ರಕ್ತಹೀನತೆ.

2019ರಿಂದ 2021ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ದೇಶದಲ್ಲಿ 15ರಿಂದ 19 ವರ್ಷದ ಹುಡುಗಿಯರಲ್ಲಿ ನೂರಕ್ಕೆ 59 ಮಂದಿಗೆ ರಕ್ತಹೀನತೆ ಇತ್ತು. ಕರ್ನಾಟಕದಲ್ಲಿ ಅದು ಹೆಚ್ಚುಕಡಿಮೆ ಅರ್ಧದಷ್ಟು. ದೇಶದ ಪರಿಶಿಷ್ಟ ಪಂಗಡಗಳ ಹೆಂಗಸರನ್ನಷ್ಟೇ ತೆಗೆದುಕೊಂಡರೆ ನೂರಕ್ಕೆ 64ಕ್ಕೂ ಮಿಕ್ಕಿ.

ಇದರ ಲಕ್ಷಣಗಳು ಮೇಲ್ನೋಟಕ್ಕೆ ಸೋಮಾರಿತನದಂತೆ ಕಾಣುತ್ತವೆ. ಗುಡ್ಡ ಹತ್ತುವಾಗ ಏದುಸಿರು, ತಲೆಸುತ್ತು, ಪಾಠದಲ್ಲಿ ಮನಸ್ಸು ನಿಲ್ಲದಿರುವುದು, ಸದಾ ಆಯಾಸ, ಕಣ್ಣಿನ ಕೆಳರೆಪ್ಪೆಯ ಒಳಭಾಗ ಮತ್ತು ಉಗುರು ಬಿಳಿಚಿಕೊಳ್ಳುವುದು, ಕೆಲವರಿಗೆ ಮಣ್ಣು, ಹಸಿ ಅಕ್ಕಿ ತಿನ್ನುವ ಚಪಲ. “ಈ ಹುಡುಗಿಗೆ ಕೆಲಸ ಮಾಡಲು ಉದಾಸೀನ” ಎಂದು ನಾವು ಅನ್ನುವಾಗ ಎಷ್ಟೋ ಸಲ ಅದು ರಕ್ತದ ಕೊರತೆ. ಇಂಥ ಹುಡುಗಿ ಮುಂದೆ ಬಸುರಿಯಾದಾಗ ಹೆರಿಗೆಯಲ್ಲಿ ಆಗುವ ಸಣ್ಣ ರಕ್ತಸ್ರಾವವೂ ಅಪಾಯ ತರಬಹುದು. ಹುಟ್ಟುವ ಮಗುವಿನ ತೂಕ ಕಡಿಮೆಯಾಗಬಹುದು. ತಾಯಿಯ ಕೊರತೆ ಮಗುವಿಗೆ ಬರುತ್ತದೆ. ಮಗು ಹೆಣ್ಣಾದರೆ ಇದೇ ಲೆಕ್ಕ ಇನ್ನೊಂದು ತಲೆಮಾರಿಗೆ ಮುಂದುವರಿಯುತ್ತದೆ.

ಬಟ್ಟಲಿನ ಲೆಕ್ಕ

ಹೊಟ್ಟೆ ತುಂಬ ಗಂಜಿ ಉಣ್ಣುವವರಿಗೆ ರಕ್ತ ಏಕೆ ಸಾಲದು ಎಂದು ಹಲವರು ಕೇಳುತ್ತಾರೆ. ನಮ್ಮ ಕಡೆಯ ಕುಚ್ಚಲಕ್ಕಿ ಒಳ್ಳೆಯ ಆಹಾರವೇ. ಕುದಿಸಿ ಒಣಗಿಸುವುದರಿಂದ ತೌಡಿನ ‘ಬಿ’ ಜೀವಸತ್ವ ಕಾಳಿನೊಳಗೆ ಇಳಿದು ಉಳಿಯುತ್ತದೆ. ಆದರೆ ಅದರಲ್ಲಿ ಕಬ್ಬಿಣಾಂಶ ಅತಿ ಕಡಿಮೆ. ರಾಷ್ಟ್ರೀಯ ಪೋಷಣ ಸಂಸ್ಥೆಯ 2017ರ ಕೋಷ್ಟಕದ ಆಧಾರದಲ್ಲಿ ಒಂದು ದಿನದ ಲೆಕ್ಕ ಹೀಗೆ ಬರುತ್ತದೆ:

ಕುಚ್ಚಲಕ್ಕಿ 400 ಗ್ರಾಂ: ಸುಮಾರು 3 ಮಿಲಿಗ್ರಾಂ ಕಬ್ಬಿಣಾಂಶ
ಹುರುಳಿ 50 ಗ್ರಾಂ: ನಾಲ್ಕೂವರೆಗೆ ಸಮೀಪ
ಹರಿವೆ ಸೊಪ್ಪು 100 ಗ್ರಾಂ: ಸುಮಾರು ನಾಲ್ಕೂವರೆ
ನುಗ್ಗೆ ಸೊಪ್ಪು 50 ಗ್ರಾಂ: ಎರಡು ಕಾಲು
ರಾಗಿ 50 ಗ್ರಾಂ: ಎರಡು ಕಾಲು
ಕೋಳಿಮೊಟ್ಟೆ ಒಂದು: ಸುಮಾರು 1

ಬರೇ ಗಂಜಿ, ಚಟ್ನಿ, ಒಂದು ಚೂರು ಒಣಮೀನಿನಲ್ಲಿ ದಿನ ಕಳೆದರೆ ಬೇಕಾದ 30ರಲ್ಲಿ ಮೂರೋ ನಾಲ್ಕೋ ಮಿಲಿಗ್ರಾಂ ಮಾತ್ರ ಸಿಕ್ಕಂತಾಯಿತು. ಹೊಟ್ಟೆ ತುಂಬಿದೆ, ಹಸಿವೆ ಅಡಗಿದೆ. ಮೈಯ ಹಸಿವೆ ಹಾಗೆಯೇ ಇದೆ. ಪಟ್ಟಿಯಲ್ಲಿರುವುದನ್ನೆಲ್ಲ ಉಂಡರೆ ಒಟ್ಟು 17-18 ಮಿಲಿಗ್ರಾಂ ಆಗುತ್ತದೆ. ಹುರುಳಿಯಿಂದ 11 ಗ್ರಾಂನಷ್ಟು ಸಸಾರಜನಕವೂ, ಹರಿವೆ ಮತ್ತು ರಾಗಿಯಿಂದ 500 ಮಿಲಿಗ್ರಾಂನಷ್ಟು ಕ್ಯಾಲ್ಸಿಯಂ ಕೂಡ ಜತೆಗೆ ಬರುತ್ತವೆ. ಆದರೂ 30 ತಲುಪಲಿಲ್ಲ ಎಂಬುದನ್ನು ಗಮನಿಸಿರಿ. ಅದಕ್ಕಾಗಿಯೇ ಆಹಾರದ ಜತೆಗೆ ಕಬ್ಬಿಣದ ಮಾತ್ರೆಯೂ ಬೇಕು ಎಂದು ವೈದ್ಯರು ಹೇಳುವುದು. ಒಂದಿದ್ದರೆ ಇನ್ನೊಂದು ಬೇಡ ಎಂಬ ವಾದ ಸರಿಯಲ್ಲ.

ಕರಾವಳಿಯವರಿಗೆ ಮೀನು ದೊಡ್ಡ ಆಸರೆ. ಮೀನು, ಮಾಂಸದ ಕಬ್ಬಿಣಾಂಶ ಕಾಳು ಸೊಪ್ಪಿನದಕ್ಕಿಂತ ಎರಡು ಮೂರು ಪಾಲು ಸುಲಭವಾಗಿ ರಕ್ತಕ್ಕೆ ಸೇರುತ್ತದೆ. ಜತೆಗೆ ತಿಂದ ಸೊಪ್ಪಿನ ಕಬ್ಬಿಣವನ್ನೂ ಎಳೆದುಕೊಳ್ಳುತ್ತದೆ. ಬೂತಾಯಿಯಂಥ ಅಗ್ಗದ ಮೀನನ್ನು ಮೆತ್ತಗೆ ಬೇಯಿಸಿ ಸಣ್ಣ ಮುಳ್ಳಿನೊಂದಿಗೆ ತಿಂದರೆ ಕ್ಯಾಲ್ಸಿಯಂ ಕೂಡ ದೊರೆಯುತ್ತದೆ. ಹೊಳೆಬಾಯಿಯ ಮರುವಾಯಿಯಲ್ಲಿ ಕಬ್ಬಿಣಾಂಶ ಹೇರಳ. ಕಾಪು ಕಡೆಯ ಮನೆಗೂ ಮಾಳದ ಮನೆಗೂ ಇಲ್ಲಿ ವ್ಯತ್ಯಾಸವಿದೆ: ಮೀನಿನ ಗಾಡಿ ಘಟ್ಟದ ಬುಡಕ್ಕೆ ಬರುವ ಹೊತ್ತಿಗೆ ಬೆಲೆ ಏರಿರುತ್ತದೆ, ಬರುವ ದಿನಗಳೂ ಕಡಿಮೆ.

ಎಲ್ಲಕ್ಕಿಂತ ಕಷ್ಟದ ಕಾಲ ಆಟಿ. ಜೂನ್ 1ರಿಂದ ಜುಲೈ 31ರವರೆಗೆ ಯಂತ್ರದೋಣಿಗಳ ಮೀನುಗಾರಿಕೆಗೆ ನಿಷೇಧವಿರುತ್ತದೆ. ಮಳೆಯಲ್ಲಿ ಕೂಲಿ ಕೆಲಸ ಕಡಿಮೆ. ಬೀಳಲು ತರಲು ಕಾಡಿಗೆ ಹೋಗುವಂತಿಲ್ಲ, ಹೆಣೆದ ಬುಟ್ಟಿಗೆ ಗಿರಾಕಿಯಿಲ್ಲ. ಹಿಂದಿನವರು ಹಲಸಿನ ಬೀಜ, ಕೆಸು, ತಜಂಕ್, ಕಣಿಲೆಗಳಲ್ಲಿ ಆ ತಿಂಗಳನ್ನು ದಾಟುತ್ತಿದ್ದರು. ಈಗ ನಾವು ಅದನ್ನು ‘ಆಟಿ ತಿನಿಸು’ ಎಂದು ವರ್ಷಕ್ಕೊಂದು ದಿನ ಸಭಾಂಗಣದಲ್ಲಿ ಉಣ್ಣುತ್ತೇವೆ. ಅವರ ಪಾಲಿಗೆ ಆಟಿ ಇನ್ನೂ ಆಟಿಯೇ.

ಇದ್ದದ್ದೂ ದಕ್ಕದಿರುವುದು

ನಮ್ಮ ಜಂಬಿಟ್ಟಿಗೆ ಮಣ್ಣಿನ ಗುಣ ಎಲ್ಲರಿಗೂ ಗೊತ್ತಿದೆ. ರಂಜಕದ ಗೊಬ್ಬರ ಹಾಕಿದರೂ ಅದರ ಬಹುಪಾಲನ್ನು ಮಣ್ಣಿನ ಕಬ್ಬಿಣ, ಅಲ್ಯೂಮಿನಿಯಂ ಹಿಡಿದಿಟ್ಟುಕೊಳ್ಳುತ್ತವೆ. ಬೇರಿಗೆ ಸಿಗುವುದು ಸ್ವಲ್ಪ. ಹೊಟ್ಟೆಯಲ್ಲಿಯೂ ಹೀಗೆಯೇ ಆಗುತ್ತದೆ. ಕಾಳು, ಸೊಪ್ಪುಗಳಲ್ಲಿರುವ ಕಬ್ಬಿಣಾಂಶದಲ್ಲಿ ನೂರಕ್ಕೆ ಐದೆಂಟು ಪಾಲು ಮಾತ್ರ ಮೈಗೆ ಹತ್ತುತ್ತದೆ. ಅದನ್ನೂ ಹಿಡಿದಿಡುವ ವಸ್ತುಗಳಲ್ಲಿ ಮುಖ್ಯವಾದವು ಚಹಾ ಮತ್ತು ಕಾಫಿಯ ಒಗರಿನ ಅಂಶಗಳು.

ಕಾಫಿ ಬೆಳೆಯುವವರೇ ಈ ಮಾತು ಹೇಳಬೇಕಾಗಿರುವುದರಿಂದ ಸ್ವಲ್ಪ ವಿವರವಾಗಿಯೇ ಹೇಳುತ್ತೇವೆ. 1983ರಲ್ಲಿ ಅಮೆರಿಕದ ವಿಜ್ಞಾನಿಗಳು ಇದನ್ನು ಅಳೆದು ನೋಡಿದರು. ಊಟದ ಜತೆ ಒಂದು ಕಪ್ಪು ಕಾಫಿ ಕುಡಿದಾಗ ಆ ಊಟದ ಕಬ್ಬಿಣಾಂಶ ಮೈಗೆ ಹತ್ತುವುದು ನೂರಕ್ಕೆ 39ರಷ್ಟು ಕಡಿಮೆಯಾಯಿತು. ಚಹಾ ಕುಡಿದಾಗ 64ರಷ್ಟು. ಊಟಕ್ಕೆ ಒಂದು ಗಂಟೆ ಮೊದಲು ಕಾಫಿ ಕುಡಿದಿದ್ದರೆ ಏನೂ ತೊಂದರೆಯಾಗಲಿಲ್ಲ. ಆದರೆ ಊಟವಾಗಿ ಒಂದು ಗಂಟೆಯ ಮೇಲೆ ಕುಡಿದರೂ ಜತೆಗೆ ಕುಡಿದಷ್ಟೇ ನಷ್ಟವಾಯಿತು. ಆದುದರಿಂದ ಕಾಫಿ ಬಿಡಬೇಕೆಂದಿಲ್ಲ, ಹೊತ್ತು ನೋಡಿ ಕುಡಿದರೆ ಸಾಕು. ಊಟಕ್ಕೆ ಒಂದು ಗಂಟೆ ಮೊದಲು ಅಥವಾ ಊಟವಾಗಿ ಎರಡು ಗಂಟೆ ಕಳೆದ ಮೇಲೆ ಕುಡಿಯುವುದು ಒಳ್ಳೆಯದು. ನಮ್ಮ ತೋಟಗಳಲ್ಲಿ ತಿಂಡಿಯ ಜತೆಗೇ ಚಹಾ ಕೊಡುವುದು ರೂಢಿ. ಬಡವರ ಮನೆಗಳಲ್ಲಿ ಬೆಳಗಿನ ತಿಂಡಿಯ ಜಾಗದಲ್ಲಿ ಚಹಾ ಮಾತ್ರ ಇರುವುದೂ ಉಂಟು.

ಎಲೆಅಡಿಕೆಯ ವಿಚಾರವನ್ನೂ ಹೇಳದಿರುವಂತಿಲ್ಲ. ಅಡಿಕೆಯ ಒಗರಿನಲ್ಲಿಯೂ ಇಂಥ ಅಂಶಗಳಿವೆ. ಅದಕ್ಕಿಂತ ದೊಡ್ಡ ಸಂಗತಿ, ಬಾಯಲ್ಲಿ ಎಲೆಅಡಿಕೆ ಇದ್ದವರಿಗೆ ಹಸಿವೆ ತಿಳಿಯುವುದಿಲ್ಲ. ತಾಯಿಯನ್ನು ನೋಡಿ ಕಲಿತ ಹನ್ನೆರಡರ ಹುಡುಗಿ ಮಧ್ಯಾಹ್ನದ ಊಟದ ಜಾಗದಲ್ಲಿ ಹೊಗೆಸೊಪ್ಪು ಬೆರೆಸಿದ ಎಲೆಅಡಿಕೆ ಜಗಿದರೆ ಅದು ಹಸಿವೆಯನ್ನು ಮರೆಸುತ್ತದೆ, ಮೈಯನ್ನು ಪೋಷಿಸುವುದಿಲ್ಲ. ಬಾಯಿಯ ಕ್ಯಾನ್ಸರಿನ ಅಪಾಯ ಬೇರೆಯೇ ಇದೆ. ಬೆಳೆಯುವ ಮಕ್ಕಳ ಬಾಯಿಗೆ ಅಡಿಕೆ ಬೇಡ ಎಂದು ಅಡಿಕೆ ಬೆಳೆಯುವವರು ಹೇಳಿದರೆ ಆ ಮಾತಿಗೆ ಹೆಚ್ಚು ತೂಕ ಬರುತ್ತದೆ.

ಹಿಡಿದಿಡುವ ವಸ್ತುಗಳಂತೆ ಬಿಡಿಸಿಕೊಡುವ ವಸ್ತುಗಳೂ ಇವೆ. ‘ಸಿ’ ಜೀವಸತ್ವ ಇವುಗಳಲ್ಲಿ ಮುಖ್ಯ. ಸೊಪ್ಪಿನ ಪಲ್ಯಕ್ಕೆ ಇಳಿಸಿದ ಮೇಲೆ ಹಿಂಡಿದ ಲಿಂಬೆ, ಊಟದ ಜತೆ ಒಂದು ನೆಲ್ಲಿಕಾಯಿ, ಪೇರಳೆ, ಇಷ್ಟರಿಂದಲೇ ಅದೇ ಊಟದ ಕಬ್ಬಿಣಾಂಶ ಎಷ್ಟೋ ಹೆಚ್ಚು ಮೈಗೆ ಹತ್ತುತ್ತದೆ. ಗೇರುಹಣ್ಣಿನಲ್ಲಿ ‘ಸಿ’ ಜೀವಸತ್ವ ಧಾರಾಳವಾಗಿದೆ. ನಾವು ಬೀಜ ಕಿತ್ತುಕೊಂಡು ಹಣ್ಣನ್ನು ಬುಡದಲ್ಲೇ ಕೊಳೆಯಲು ಬಿಡುತ್ತೇವೆ! ಹುರುಳಿ, ಹೆಸರು, ಅಲಸಂದೆಗಳನ್ನು ಮೊಳಕೆ ಬರಿಸಿದರೆ, ಅಕ್ಕಿ ಉದ್ದನ್ನು ಹುದುಗು ಬರಿಸಿ ದೋಸೆ ಮಾಡಿದರೆ ಕಬ್ಬಿಣಾಂಶ ಬಿಡುಗಡೆಯಾಗುತ್ತದೆ. ಕಬ್ಬಿಣದ ಕಾವಲಿ, ಬಾಣಲೆಯಲ್ಲಿ ಹುಳಿಯ ಪದಾರ್ಥ ಬೇಯಿಸಿದರೆ ಪಾತ್ರೆಯಿಂದಲೂ ಸ್ವಲ್ಪ ಸೇರುತ್ತದೆ. ಹುರುಳಿ ಉಷ್ಣ, ಮೊಟ್ಟೆ ಉಷ್ಣ ಎಂದು ದೊಡ್ಡವಳಾದ ಹುಡುಗಿಗೆ ಕೊಡದಿರುವ ಮನೆಗಳಿವೆ. ಆ ವಯಸ್ಸಿನಲ್ಲಿಯೇ ಅವು ಹೆಚ್ಚು ಬೇಕು.

ಬರಿಗಾಲು ಮತ್ತು ಕೊಕ್ಕೆಹುಳು

ಅಡಿಕೆ, ಕಾಫಿ ತೋಟಗಳ ನೆರಳು, ತೇವ, ಮೆತ್ತನೆಯ ಮಣ್ಣು ನಮ್ಮ ಗಿಡಗಳಿಗೆ ಹೇಗೆ ಹಿತವೋ ಕೊಕ್ಕೆಹುಳುವಿನ ಮರಿಗಳಿಗೂ ಹಾಗೆಯೇ ಹಿತ. ಬಯಲಿನಲ್ಲಿ ಮಲವಿಸರ್ಜನೆಯಾದ ಕಡೆ ಮೊಟ್ಟೆಗಳು ಒಡೆದು ಮರಿಗಳಾಗಿ, ಬರಿಗಾಲಿನ ಚರ್ಮ ಕೊರೆದು ಒಳಗೆ ಹೋಗುತ್ತವೆ. ಕೊನೆಗೆ ಕರುಳಿಗೆ ಕಚ್ಚಿಕೊಂಡು ರಕ್ತ ಹೀರುತ್ತವೆ. ತೋಟದ ಕೂಲಿಗಳ ಕಾಯಿಲೆಯೆಂದು ಇದು ಹಿಂದಿನಿಂದಲೂ ಹೆಸರಾದದ್ದು. ನಮ್ಮ ಜಿಲ್ಲೆ ಮದ್ರಾಸ್ ಪ್ರಾಂತದಲ್ಲಿದ್ದ 1920ರ ದಶಕದಲ್ಲಿ ಅಮೆರಿಕದ ರಾಕ್‌ಫೆಲ್ಲರ್ ಪ್ರತಿಷ್ಠಾನದವರು ಆ ಪ್ರಾಂತದಲ್ಲಿ ಇದರ ವಿರುದ್ಧ ಕೆಲಸ ನಡೆಸಿದ್ದರು.

ದಕ್ಷಿಣ ಭಾರತದಲ್ಲಿ ಹೆಚ್ಚಾಗಿ ಕಾಣುವ ಜಾತಿಯ ಒಂದು ಹುಳು ದಿನಕ್ಕೆ ಹೀರುವುದು 0.03 ಮಿಲಿಲೀಟರ್ ರಕ್ತ. ಕೇಳಲು ಇದು ಏನೂ ಅಲ್ಲ. ಹೊಟ್ಟೆಯಲ್ಲಿ ನೂರು ಹುಳು ಇದ್ದರೆ ದಿನಕ್ಕೆ 3 ಮಿಲಿಲೀಟರ್, ತಿಂಗಳಿಗೆ 90 ಮಿಲಿಲೀಟರ್ ಆಯಿತು. ಒಂದು ಸಲದ ಮುಟ್ಟಿನಲ್ಲಿ ಸಾಮಾನ್ಯವಾಗಿ ಹೋಗುವ ರಕ್ತ 30-40 ಮಿಲಿಲೀಟರ್. ತಿಂಗಳಿಗೆ ಎರಡು ಮೂರು ಸಲ ಮುಟ್ಟಾದಷ್ಟು ನಷ್ಟ ಇದು. ಮೇಲಿನ ಬಟ್ಟಲಿನಿಂದ ಕಷ್ಟಪಟ್ಟು ದೊರಕಿಸಿಕೊಂಡದ್ದು ಸೋರುವ ಕೊಡಕ್ಕೆ ನೀರು ಹೊತ್ತಂತಾಗುತ್ತದೆ. ಕಾಲಿಗೆ ಚಪ್ಪಲಿ ಅಥವಾ ಬೂಟು, ಕೆಲಸದ ಜಾಗದಲ್ಲಿ ಶೌಚಾಲಯ, ವರ್ಷಕ್ಕೆರಡು ಸಲ ಜಂತುಹುಳದ ಮಾತ್ರೆ, ಈ ಮೂರರಿಂದ ಇದನ್ನು ತಡೆಯಬಹುದು. ಮಕ್ಕಳಿಗೆ ಅಲ್ಬೆಂಡಜೋಲ್ 400 ಮಿಲಿಗ್ರಾಂ ಮಾತ್ರೆಯನ್ನು ಶಾಲೆ, ಅಂಗನವಾಡಿಗಳಲ್ಲಿ ಉಚಿತವಾಗಿ ಕೊಡುತ್ತಾರೆ. 2015ರಿಂದ ರಾಷ್ಟ್ರೀಯ ಜಂತುಹುಳು ನಿವಾರಣಾ ದಿನವನ್ನು ಇದಕ್ಕಾಗಿಯೇ ಆಚರಿಸುತ್ತಿದ್ದಾರೆ.

ತೋಟದ ಸೊಪ್ಪು, ಕಳೆನಾಶಕ ಮತ್ತು ಭೂಮಿ

ತಜಂಕ್, ತಿಮರೆ ಅಂದರೆ ಒಂದೆಲಗ, ಕೆಸು, ಕಾಡು ಹರಿವೆ, ಇವೆಲ್ಲ ತೋಟದ ಅಂಚಿನಲ್ಲಿ, ಗುಡ್ಡದ ಬದಿಯಲ್ಲಿ ತಾವಾಗಿ ಹುಟ್ಟುವ ಸೊಪ್ಪುಗಳು. ಸ್ವಂತ ಭೂಮಿಯಿಲ್ಲದವರ ತರಕಾರಿ ತೋಟ ಅದೇ. ಆಳಿನ ಅಭಾವದಿಂದ ಈಚಿನ ವರ್ಷಗಳಲ್ಲಿ ನಾವು ಕಳೆನಾಶಕಕ್ಕೆ ಕೈ ಹಾಕಿದ್ದೇವೆ. ನಮಗೆ ಕಳೆಯಾಗಿ ಕಂಡದ್ದು ಇನ್ನೊಬ್ಬರ ಮನೆಯ ಪಲ್ಯವಾಗಿತ್ತು. ಕಳೆನಾಶಕ ಬೀಳದ ನಾಲ್ಕು ಗಜ ಅಂಚನ್ನು ಬಿಡುವುದರಿಂದ ನಮ್ಮ ಇಳುವರಿಗೆ ಬಾಧಕವಿಲ್ಲ. ಬೋರ್ಡೋ ದ್ರಾವಣ ಸಿಂಪಡಿಸಿದಾಗ ಬುಡದ ಸೊಪ್ಪಿನ ಮೇಲೆ ಮೈಲುತುತ್ತ ಬಿದ್ದಿರುತ್ತದೆ. ಅದನ್ನು ಕೊಯ್ಯದಂತೆ ಸಿಂಪಡಣೆಯ ದಿನವೇ ತಿಳಿಸಬೇಕು.

ಭೂಮಿಯ ಪ್ರಶ್ನೆಯೂ ಆಹಾರದ ಪ್ರಶ್ನೆಯೇ. ಕೊರಗರ ಸ್ಥಿತಿಗತಿಯನ್ನು ಅಧ್ಯಯನ ಮಾಡಿದ ಮಹಮ್ಮದ್ ಪೀರ್ ವರದಿ 1990ರ ದಶಕದಲ್ಲಿಯೇ ಪ್ರತಿ ಕುಟುಂಬಕ್ಕೆ ಎರಡೂವರೆ ಎಕರೆ ಭೂಮಿ ಕೊಡಬೇಕೆಂದು ಶಿಫಾರಸು ಮಾಡಿತ್ತು. ಅದರ ಜಾರಿಗಾಗಿ ಕೊರಗರ ಸಂಘಟನೆಗಳು, ಕಾಪು ತಾಲೂಕಿನ ಪೆರ್ನಾಲಿನ ಸಮಗ್ರ ಗ್ರಾಮೀಣ ಆಶ್ರಮದಂಥ ಸಂಸ್ಥೆಗಳ ನೆರವಿನೊಂದಿಗೆ ದೀರ್ಘಕಾಲ ಹೋರಾಡಿವೆ. ಒಂದು ಬಸಳೆ ಚಪ್ಪರಕ್ಕೆ, ಎರಡು ನುಗ್ಗೆ ಕೊಂಬೆ ಊರುವುದಕ್ಕೆ, ನಾಲ್ಕು ಕೋಳಿ ಸಾಕುವುದಕ್ಕೆ ನೆಲ ಬೇಕು ಎಂಬುದು ಕೃಷಿಕರಾದ ನಮಗೆ ಬೇಗ ಅರ್ಥವಾಗಬೇಕಾದ ಮಾತು.

ಸರಕಾರದ ವ್ಯವಸ್ಥೆ ಮತ್ತು ಅದರ ಸಂದು

ಬುಡಕಟ್ಟು ಕುಟುಂಬಗಳಿಗೆ ಪೌಷ್ಟಿಕ ಆಹಾರ ಕೊಡುವ ರಾಜ್ಯ ಸರಕಾರದ ಯೋಜನೆ ಇದೆ. ಮಳೆಗಾಲದ ಕಷ್ಟದ ತಿಂಗಳುಗಳಿಗೆಂದು ಆರಂಭವಾದ ಇದರಲ್ಲಿ ಬೇಳೆಕಾಳು, ಎಣ್ಣೆ, ತುಪ್ಪ, ಬೆಲ್ಲ, ಮೊಟ್ಟೆ ಮುಂತಾದುವನ್ನು ಮನೆಗೇ ಕೊಡುತ್ತಾರೆ. ಶಾಲೆಗಳಲ್ಲಿ ಹತ್ತನೆಯ ತರಗತಿಯವರೆಗೆ ಬಿಸಿಯೂಟ, ಹಾಲು, ಮೊಟ್ಟೆ ಅಥವಾ ಬಾಳೆಹಣ್ಣು ಸಿಗುತ್ತವೆ. 2023ರ ನವೆಂಬರಿನಲ್ಲಿ ಆರಂಭವಾದ ಪ್ರಧಾನಮಂತ್ರಿ ಜನ್‌ಮನ್ ಯೋಜನೆ ದೇಶದ 75 ವಿಶೇಷ ದುರ್ಬಲ ಬುಡಕಟ್ಟುಗಳಿಗಾಗಿ ಇರುವಂಥದು. ಮನೆ, ನೀರು, ಸಂಚಾರಿ ವೈದ್ಯಕೀಯ ಘಟಕ, ಅಂಗನವಾಡಿ ಅದರಲ್ಲಿ ಸೇರಿವೆ.

ಸಂದು ಇರುವುದು ಶಾಲೆ ಬಿಟ್ಟ ಹುಡುಗಿಯ ಪಾಲಿಗೆ. ಅಂಗನವಾಡಿ ಆಹಾರಕ್ಕೆ ಅವಳ ವಯಸ್ಸು ಮೀರಿದೆ, ಶಾಲೆಯ ಊಟ ತಪ್ಪಿದೆ, ಬಸುರಿ ಬಾಣಂತಿಯರ ಪಟ್ಟಿಗೆ ಅವಳು ಸೇರಿಲ್ಲ. ಕೇಂದ್ರ ಸರಕಾರದ ಕಿಶೋರಿಯರ ಆಹಾರ ಯೋಜನೆಯನ್ನು 2021-22ರ ಬಳಿಕ ಈಶಾನ್ಯ ರಾಜ್ಯಗಳಿಗೂ ಹಿಂದುಳಿದವೆಂದು ಆರಿಸಿದ ಜಿಲ್ಲೆಗಳಿಗೂ ಸೀಮಿತಗೊಳಿಸಲಾಯಿತು. ಕರ್ನಾಟಕದಲ್ಲಿ ಅಂಥವು ರಾಯಚೂರು ಮತ್ತು ಯಾದಗಿರಿ. ಮುಂದುವರಿದ ಜಿಲ್ಲೆಯಲ್ಲಿ ಹುಟ್ಟಿದ್ದೇ ಉಡುಪಿಯ ಹುಡುಗಿಗೆ ಅಡ್ಡಿಯಾದಂತಾಯಿತು. ಆದುದರಿಂದ ಹುಡುಗಿಯನ್ನು ಶಾಲೆಯಲ್ಲಿ ಉಳಿಸುವುದೇ ಅವಳ ಊಟವನ್ನು ಉಳಿಸುವ ಸುಲಭ ದಾರಿ.

ನೀಲಿ ಮಾತ್ರೆ ಮಾತ್ರ ಶಾಲೆಯಲ್ಲಿರುವವರಿಗೂ ಬಿಟ್ಟವರಿಗೂ ಉಂಟು. ವಾರಕ್ಕೊಂದರಂತೆ ಹತ್ತರಿಂದ ಹತ್ತೊಂಬತ್ತು ವಯಸ್ಸಿನವರಿಗೆ ಶಾಲೆಯಲ್ಲಿ, ಶಾಲೆ ಬಿಟ್ಟವರಿಗೆ ಅಂಗನವಾಡಿಯಲ್ಲಿ ಇದನ್ನು ಕೊಡಬೇಕು. ಊಟವಾದ ಮೇಲೆ ನೀರಿನೊಂದಿಗೆ ನುಂಗಬೇಕು. ಚಹಾ, ಕಾಫಿ, ಹಾಲಿನೊಂದಿಗೆ ಬೇಡ. ಮಲ ಕಪ್ಪಾಗುವುದಕ್ಕೆ ಹೆದರಬೇಕಾಗಿಲ್ಲ. ಮೊದಮೊದಲು ವಾಕರಿಕೆ ಬರಬಹುದು, ಕ್ರಮೇಣ ಕಡಿಮೆಯಾಗುತ್ತದೆ. ಹೆಚ್ಚು ರಕ್ತಹೀನತೆ ಇರುವವರಿಗೆ ವಾರಕ್ಕೊಂದು ಸಾಲದು; ವೈದ್ಯರ ಸಲಹೆಯಂತೆ ದಿನವೂ ಬೇಕಾಗುತ್ತದೆ.

ತಿಂಗಳುಗಟ್ಟಲೆ ಮಾತ್ರೆ ತಿಂದರೂ ರಕ್ತ ಏರದಿದ್ದರೆ ಬೇರೆ ಕಾರಣ ಹುಡುಕಬೇಕು. ರಕ್ತಹೀನತೆಯೆಲ್ಲ ಕಬ್ಬಿಣದ ಕೊರತೆಯಿಂದಲೇ ಅಲ್ಲ. ಅತಿಯಾದ ಮುಟ್ಟು, ‘ಬಿ-12’ ಜೀವಸತ್ವದ ಕೊರತೆ, ಕ್ಷಯ, ಬುಡಕಟ್ಟು ಜನಾಂಗಗಳಲ್ಲಿ ಹೆಚ್ಚಾಗಿ ಕಾಣುವ ಕುಡಗೋಲು ಕಣದ ರಕ್ತಹೀನತೆ ಇರಬಹುದು. ಈ ಕೊನೆಯದರ ಪತ್ತೆಗಾಗಿ 2023ರ ಜುಲೈಯಿಂದ 40 ವರ್ಷದೊಳಗಿನವರ ತಪಾಸಣೆಯ ರಾಷ್ಟ್ರೀಯ ಕಾರ್ಯಕ್ರಮ ಆರಂಭವಾಗಿದೆ.

ತೋಟಗಾರರು ಮಾಡಬಹುದಾದ್ದು

1. ಕೆಲಸದವರಿಗೆ ಮಧ್ಯಾಹ್ನ ಊಟ ಕೊಡುವವರು ವಾರಕ್ಕೆ ಮೂರು ದಿನವಾದರೂ ಹುರುಳಿ ಅಥವಾ ಅಲಸಂದೆಯ ಸಾರು, ಸೊಪ್ಪಿನ ಪಲ್ಯ, ಒಂದು ಲಿಂಬೆ ಹೋಳು ಸೇರಿಸಬಹುದು. ಚಹಾ, ಕಾಫಿಯನ್ನು ಊಟದಿಂದ ದೂರವಿಡಬೇಕು.

2. ಕೊಡುವುದು ಊಟವಾಗಿರಬೇಕು, ಉಳಿಕೆಯಾಗಿರಬಾರದು. ಕೊರಗರಿಗೆ ಎಂಜಲು, ಉಗುರು ಕೂದಲು ಬೆರೆಸಿದ ಅನ್ನ ಕೊಡುತ್ತಿದ್ದ ಅಜಲು ಪದ್ಧತಿಯನ್ನು ನಿಷೇಧಿಸಲು ನಮ್ಮ ರಾಜ್ಯ 2000ದಲ್ಲಿ ಕಾಯಿದೆಯನ್ನೇ ಮಾಡಬೇಕಾಯಿತು. ಕೊಟ್ಟ ಅನ್ನದ ಹಿಂದೆ ಇಂಥ ನೆನಪು ಇರುವ ಜನರಿಗೆ ಯಾವುದನ್ನು, ಯಾವ ಬಟ್ಟಲಲ್ಲಿ, ಹೇಗೆ ಕೊಡುತ್ತೇವೆ ಎಂಬುದು ಸಣ್ಣ ವಿಷಯವಲ್ಲ.

3. ಅಡಿಕೆ ಸುಲಿಯುವ, ಕಾಫಿ ಕೊಯ್ಯುವ ಅವಸರದ ದಿನಗಳಲ್ಲಿ ತಾಯಿಯ ಜತೆ ಬಂದ ಹುಡುಗಿಯನ್ನು ಕೆಲಸಕ್ಕೆ ಕೂರಿಸಬಾರದು. 14 ವರ್ಷದೊಳಗಿನವರನ್ನು ಯಾವ ಕೆಲಸಕ್ಕೂ ಇಟ್ಟುಕೊಳ್ಳುವಂತಿಲ್ಲವೆಂದು 2016ರ ತಿದ್ದುಪಡಿ ಹೇಳುತ್ತದೆ. 18 ತುಂಬದವರಿಗೆ ಅಪಾಯದ ಕೆಲಸವೂ ಕೂಡದು. ಶಾಲೆ ತಪ್ಪಿದ ಪ್ರತಿ ದಿನವೂ ಒಂದು ಊಟ ತಪ್ಪಿದ ದಿನ.

4. ತೋಟಕ್ಕೊಂದು ಶೌಚಾಲಯ, ಕೆಲಸದವರ ಕಾಲಿಗೆ ಬೂಟು. ಒಂದು ಚೀಲ ಗೊಬ್ಬರದ ಹಣದಲ್ಲಿ ಕೆಲವು ಜತೆ ಬೂಟು ಬರುತ್ತದೆ.

5. ನುಗ್ಗೆ ಕೊಂಬೆ, ಬಸಳೆ ಬಳ್ಳಿ, ಹರಿವೆ ಬೀಜ, ಪಪ್ಪಾಯಿ ಸಸಿ, ನೆಲ್ಲಿ ಸಸಿಗಳನ್ನು ಮಳೆ ಹಿಡಿಯುವ ಮೊದಲು ನೆರೆಮನೆಗಳಿಗೆ ಹಂಚಬಹುದು. ಇದಕ್ಕೆ ನಮಗೆ ಖರ್ಚಿಲ್ಲ.

6. ಆರೋಗ್ಯ ಕೇಂದ್ರದ ಶಿಬಿರದ ದಿನ ತಾಯಿ ಮಗಳಿಗೆ ಕೂಲಿ ಕಡಿಯದೆ ರಜೆ ಕೊಡಬೇಕು. ರಕ್ತ ಪರೀಕ್ಷೆ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಉಚಿತ. ಆಹಾರದ ಕಿಟ್ಟು ಬರದ ಮನೆಗಳಿದ್ದರೆ ಸಮಗ್ರ ಗಿರಿಜನ ಅಭಿವೃದ್ಧಿ ಯೋಜನೆಯ ಕಚೇರಿಗೆ ಒಂದು ಅರ್ಜಿ ಬರೆದುಕೊಡಲು ಓದುಬರಹ ಬಲ್ಲ ಸದಸ್ಯರು ನೆರವಾಗಬೇಕು.

ನಮ್ಮ ಸಂಘದ ಸದಸ್ಯರು ಆಟಿಯೊಳಗೆ ಇವುಗಳಲ್ಲಿ ಎರಡನ್ನಾದರೂ ಕೈಗೊಂಡರೆ ಮುಂದಿನ ಸುಗ್ಗಿಯ ಹೊತ್ತಿಗೆ ಕೆಲವು ಮನೆಗಳ ಹೆಣ್ಣುಮಕ್ಕಳ ಮುಖದಲ್ಲಿ ವ್ಯತ್ಯಾಸ ಕಾಣಬಹುದು. ಮರದ ಗರಿ ಹಳದಿಯಾದರೆ ಮಣ್ಣು ಪರೀಕ್ಷೆಗೆ ಕಳುಹಿಸುವ ನಾವು, ನಮ್ಮ ಅಂಗಳಕ್ಕೆ ದಿನವೂ ಬರುವ ಮಗುವಿನ ಕಣ್ಣ ರೆಪ್ಪೆ ಬಿಳಿಚಿರುವುದನ್ನು ನೋಡದೆ ಬಿಡಬಾರದು. ಈ ಲೇಖನವನ್ನು ಓದಿದವರು ಮನೆಯ ಹೆಂಗಸರಿಗೂ, ತೋಟದ ಕೆಲಸಕ್ಕೆ ಬರುವವರಿಗೂ ಓದಿ ಹೇಳಬೇಕೆಂದು ಕೋರುತ್ತೇವೆ.